ಮಲಪ್ರಭೆಯ ದಂಡೆಗುಂಟ

ಬಿಡುವಿನ ಹೊತ್ತನ್ನು ಹೇಗೆ ಕಳೆಯಬೇಕೆಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಸಣ್ಣದಲ್ಲ. ದುಡಿಮೆಯ ಹೊತ್ತಿನಲ್ಲಿ ಮನುಷ್ಯನನ್ನು ಅವನ ಕೆಲಸ ನಡೆಸುತ್ತದೆ; ಬಿಡುವಿನಲ್ಲಿ ಅವನನ್ನು ಅವನ ಅಭಿರುಚಿ, ಅವನ ಸಂಸ್ಕಾರಗಳು ನಡೆಸುತ್ತವೆ. ಕಾಯಕವನ್ನು ಧರ್ಮದ ಎತ್ತರಕ್ಕೆ ಏರಿಸಿದ ಶರಣ ಪರಂಪರೆಯಲ್ಲಿ ಬೆಳೆದ ನಮ್ಮಲ್ಲಿ ಕೆಲವರು ವಿಹಾರ, ವಿಶ್ರಾಂತಿ ಎಂಬ ಮಾತುಗಳನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುವುದುಂಟು. ಆಲಸ್ಯಕ್ಕೆ ಇಟ್ಟ ಸವಿಹೆಸರೇ ವಿಹಾರವೆಂದು ಅವರ ಭಾವನೆ. ಆದರೆ ಬೆಳಗಿನಿಂದ ಗಳೆ ಹೊಡೆದ ಎತ್ತಿಗೂ ನಡುಹಗಲಿನಲ್ಲಿ ನೊಗ ಇಳಿಸುತ್ತಾರೆ. ಅದರಲ್ಲಿ ಎತ್ತಿನ ಮೇಲಿನ ಕನಿಕರವೂ ಇದೆ, ಮರುದಿನದ ಉಳುಮೆಯ ಮೇಲಿನ ಲಕ್ಷ್ಯವೂ ಇದೆ.

ಶರಣ ಬಂಧುಗಳೆ, 12ನೆಯ ಶತಮಾನದ ಚರಿತ್ರೆಯನ್ನು ಒಮ್ಮೆ ನೆನೆದುಕೊಳ್ಳಿರಿ. ತರುಣ ಬಸವಣ್ಣನವರು ಬಾಗೇವಾಡಿಯ ಮನೆಯನ್ನು ತೊರೆದು ನಡೆದು ಬಂದುದು ಕೃಷ್ಣೆ-ಮಲಪ್ರಭೆಗಳು ಕೂಡುವ ಸಂಗಮಕ್ಕೆ. ಅವರ ವಿದ್ಯಾಭ್ಯಾಸ, ಚಿಂತನ, ಅನುಷ್ಠಾನಗಳೆಲ್ಲ ನಡೆದುದು ಆ ನದೀತೀರದಲ್ಲಿ. ಕಲ್ಯಾಣದಲ್ಲಿ ಮುಂದೆ ಕೈಗೊಂಡ ಮಹಾಕಾರ್ಯಕ್ಕೆ ಬೇಕಾದ ಮನಸ್ಸು ಹದಗೊಂಡದ್ದು ಹರಿಯುವ ನೀರಿನ ಸಮ್ಮುಖದಲ್ಲಿ. ಹೊಳೆಯ ದಂಡೆಯಲ್ಲಿ ಸುಮ್ಮನೆ ಕುಳಿತ ಹೊತ್ತು ವ್ಯರ್ಥವಾದ ಹೊತ್ತೆಂದು ಹೇಳುವವರು ಈ ಸಂಗತಿಯನ್ನು ಯೋಚಿಸತಕ್ಕದ್ದು. ಆ ಎರಡು ನದಿಗಳಲ್ಲಿ ಒಂದಾದ ನಮ್ಮ ಮಲಪ್ರಭೆಯ ದಂಡೆಗೆ, ಅದರಲ್ಲಿಯೂ ರಾಮದುರ್ಗದ ಆಸುಪಾಸಿನ ದಂಡೆಗೆ, ತಮ್ಮನ್ನು ಕರೆದುಕೊಂಡು ಹೋಗಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನೂರು ಕಟಕೋಳ. ಜೋಳದ ಸೀಮೆಯ ಊರು. ನದಿ ನಮ್ಮ ಊರ ಬಾಗಿಲಿಗೆ ಬರುವುದಿಲ್ಲ; ನಾವೇ ಅದರ ಬಾಗಿಲಿಗೆ ಹೋಗಬೇಕು. ಆದರೂ ನಮ್ಮ ಭಾಗದಲ್ಲಿ ಯಾರಾದರೂ ‘ಹೊಳೆ’ ಎಂದರೆ ಅದು ಮಲಪ್ರಭೆಯೇ. ಹೆಸರು ಹೇಳಬೇಕಾದ ಅವಶ್ಯಕತೆಯೇ ಇಲ್ಲ. ಹಿಂದಿನವರಿಗೆ ಹೊಳೆಗೆ ಹೋಗಲು ವರ್ಷದಲ್ಲಿ ಒಂದು ಗೊತ್ತಾದ ದಿನವಿತ್ತು. ಅದು ಮಕರ ಸಂಕ್ರಮಣ. ನಸುಕಿನಲ್ಲಿಯೇ ಚಕ್ಕಡಿ ಹೂಡಿ, ಎತ್ತುಗಳ ಕೊರಳಿಗೆ ಗೆಜ್ಜೆ ಕಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹೋಳಿಗೆ, ಮಾದಲಿ, ಮೊಸರುಗಳ ಬುತ್ತಿಯನ್ನು ಬಿಳಿಯ ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುತ್ತಿದ್ದರು. ಅರೆದ ಎಳ್ಳನ್ನು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯ ಮರಳಿನ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಂಡು, ಬುತ್ತಿ ಬಿಚ್ಚಿ, ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ಒಂದು ರೊಟ್ಟಿ ನೀಡಿ ಉಣ್ಣುತ್ತಿದ್ದರು. ಆ ದಿನದ ಪಂಕ್ತಿಯಲ್ಲಿ ಯಾರು ಯಾವ ಓಣಿಯವರೆಂದು ಕೇಳುವ ರೂಢಿ ಇರಲಿಲ್ಲ. ಪ್ರವಾಸ, ಪಿಕ್‌ನಿಕ್ ಎಂಬ ಶಬ್ದಗಳು ನಮ್ಮ ಊರಿಗೆ ಬರುವ ಎಷ್ಟೋ ಮೊದಲೇ ನಮ್ಮ ಹಿರಿಯರಿಗೆ ಈ ವಿಹಾರ ಗೊತ್ತಿತ್ತು. ಅದರಲ್ಲಿ ಸ್ನಾನ, ಪೂಜೆ, ದಾಸೋಹ, ವಿಶ್ರಾಂತಿಗಳು ಒಂದರಲ್ಲೊಂದು ಬೆರೆತುಕೊಂಡಿದ್ದವು.

ಈ ಹೊಳೆಯ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಳ್ಳುವುದು ಒಳ್ಳೆಯದು. ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟವಾದ ಮಳೆಯ ನಾಡಿನಲ್ಲಿ. ಅಲ್ಲಿಂದ ಮೂಡಣ ದಿಕ್ಕಿಗೆ ಹೊರಟು, ಮಳೆ ಕಡಿಮೆಯಾಗುತ್ತ ಹೋಗುವ ಬಯಲು ನಾಡಿನಲ್ಲಿ ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸಹ್ಯಾದ್ರಿಯ ಮಳೆಯನ್ನು ಬರದ ಸೀಮೆಗೆ ಹೊತ್ತು ತರುವುದೇ ಇದರ ಕಾಯಕವೆಂದರೆ ತಪ್ಪಾಗದು.

ಭಕ್ತರಾದವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಈ ನದಿಯ ಮೇಲ್ಭಾಗದಲ್ಲಿ, ಕಿತ್ತೂರು ನಾಡಿನ ಎಂ.ಕೆ.ಹುಬ್ಬಳ್ಳಿಯ ಬಳಿ, ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಕಲ್ಯಾಣದ ವಿಪ್ಲವದ ನಂತರ ಶರಣರು ಉಳವಿಯ ಕಡೆಗೆ ನಡೆದಾಗ ಅವರ ದಾರಿ ಮಲಪ್ರಭೆಯ ಈ ನಾಡನ್ನು ಹಾಯ್ದು ಹೋಯಿತೆಂದು ಪರಂಪರೆ ಹೇಳುತ್ತದೆ. ನದಿಯ ತುದಿಯಲ್ಲಿ, ಸಂಗಮದ ನೀರಿನ ನಡುವೆ, ಬಸವಣ್ಣನವರ ಐಕ್ಯಸ್ಥಳವಿದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನಿಂದ ಅದನ್ನು ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆ ಎತ್ತಿ, ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಮಾಡಿದ್ದಾರೆ. ಮೇಲೆ ಗಂಗಾಂಬಿಕೆಯವರು, ಕೆಳಗೆ ಬಸವಣ್ಣನವರು. ಅಲ್ಲಿ ಒಬ್ಬರ ಪಾದವನ್ನು ತೊಳೆದ ನೀರೇ ಇಲ್ಲಿ ಇನ್ನೊಬ್ಬರ ಪಾದಕ್ಕೆ ಬಂದು ಮುಟ್ಟುತ್ತದೆ. ಈ ಎರಡು ಪುಣ್ಯಸ್ಥಳಗಳಿಗೆ ಬಸ್ಸು, ಕಾರುಗಳಲ್ಲಿ ಹೋಗಿ ಬರುವ ಭಕ್ತರು ಸಾವಿರಾರು. ನಡುವೆ ಹರಿಯುವ ನದಿಯನ್ನು ನೋಡಿದವರು ಎಷ್ಟು ಮಂದಿ?

ನಡುವಿನ ಆ ದಾರಿಯಲ್ಲಿ ನಮ್ಮ ಭಾಗದ ಮೊದಲನೆಯ ನಿಲುಗಡೆ ಸವದತ್ತಿಯ ಸಮೀಪದ ನವಿಲುತೀರ್ಥ. ಗುಡ್ಡದ ಸಾಲನ್ನು ಸೀಳಿಕೊಂಡು ನದಿ ಹೊರಬೀಳುವ ಇಕ್ಕಟ್ಟಿನ ಜಾಗವಿದು. ಇಲ್ಲಿ ಕಟ್ಟಿದ ಅಣೆಕಟ್ಟು 1970ರ ದಶಕದ ಮೊದಲಲ್ಲಿ ಪೂರ್ಣಗೊಂಡಿತು. ಎಲ್ಲಮ್ಮನ ಗುಡ್ಡದ ಸನಿಹದಲ್ಲಿರುವುದರಿಂದ ಜಲಾಶಯಕ್ಕೆ ರೇಣುಕಾ ಸಾಗರವೆಂದು ಹೆಸರು. ತುಂಬಿದಾಗ ಸುಮಾರು 37.73 ಟಿಎಂಸಿ ನೀರು ನಿಲ್ಲುತ್ತದೆ. ಅದರ ಪೂರ್ಣಮಟ್ಟ 2,079.50 ಅಡಿ. ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದಗಳ ಹೊಲಗಳಿಗೆ ಕಾಲುವೆಯಲ್ಲಿ ಹೋಗುವ ನೀರು, ಹುಬ್ಬಳ್ಳಿ-ಧಾರವಾಡದ ಮನೆಗಳ ನಲ್ಲಿಯಲ್ಲಿ ಬರುವ ಮಲಪ್ರಭೆಯ ನೀರು, ಎರಡೂ ಇಲ್ಲಿಂದಲೇ. ಈ ನೀರಿನ ಕಥೆಯಲ್ಲಿ ಕಣ್ಣೀರೂ ಬೆರೆತಿದೆಯೆಂಬುದನ್ನು ವಿಹಾರಕ್ಕೆ ಹೋದವರು ಮರೆಯಬಾರದು. ನೀರಾವರಿಯ ಪ್ರಯೋಜನ ಕೈಗೆ ಹತ್ತುವ ಮೊದಲೇ ಕರದ ಭಾರ ಹೆಗಲಿಗೆ ಬಿದ್ದಿತೆಂದು 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳ ರೈತರು ಬಂಡೆದ್ದರು. ಗೋಲಿಬಾರಿನಲ್ಲಿ ರೈತರ ಪ್ರಾಣಗಳು ಹೋದವು. ಕರ್ನಾಟಕದ ರೈತ ಚಳವಳಿಯ ಚರಿತ್ರೆ ಆ ದಿನದಿಂದ ಬೇರೆಯ ತಿರುವನ್ನು ಪಡೆಯಿತು.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಬೆಳಗಾವಿಗೆ ತಮ್ಮ ರಾಜಧಾನಿಯನ್ನು ಬದಲಾಯಿಸುವ ಮೊದಲು ರಟ್ಟರು ಇಲ್ಲಿಂದ ಆಳಿದರು. ಅದೇ ಸೀಮೆಯ ಸಿರಸಂಗಿಯ ಹೆಸರನ್ನು ಕೇಳಿದೊಡನೆ ತಮ್ಮ ಮನಸ್ಸಿನಲ್ಲಿ ತ್ಯಾಗವೀರ ಲಿಂಗರಾಜ ದೇಸಾಯಿಯವರ ಮೂರ್ತಿ ನಿಲ್ಲುವುದು ಸಹಜ. 1861ರಲ್ಲಿ ಹುಟ್ಟಿ 1906ರಲ್ಲಿ ಲಿಂಗೈಕ್ಯರಾದ ಅವರು 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. ಈ ಪತ್ರಿಕೆಯನ್ನು ಓದುತ್ತಿರುವ ಹಿರಿಯರ ಮನೆಗಳಲ್ಲಿ ಅವರ ನಿಧಿಯ ವಿದ್ಯಾರ್ಥಿವೇತನದಿಂದ ಓದಿದವರು ಇರುವ ಸಂಭವ ಬಹಳ. ಮಲಪ್ರಭೆಯ ಸೀಮೆಯ ಹೊಲಗಳ ಉತ್ಪನ್ನ ಹೀಗೆ ಎಷ್ಟೋ ಬಡ ಮಕ್ಕಳ ಕೈಯಲ್ಲಿ ಪುಸ್ತಕವಾಯಿತು.

ಅಣೆಕಟ್ಟಿನ ಕೆಳಗೆ ಮುನವಳ್ಳಿ. ನದಿಯ ದಂಡೆಯ ಈ ಊರಿನಲ್ಲಿ ಪಂಚಲಿಂಗೇಶ್ವರ ದೇವಾಲಯವೂ ಹಳೆಯ ಕೋಟೆಯೂ ಇವೆ. ಅನಂತರ ರಾಮದುರ್ಗದ ಸೀಮೆಯ ತೊರಗಲ್ಲು. ಚಾಲುಕ್ಯರ ಕಾಲದಲ್ಲಿ ‘ತೊರಗಲೆ ಆರುಸಾವಿರ’ವೆಂಬ ದೊಡ್ಡ ನಾಡಿಗೆ ಈ ಊರೇ ಹೆಸರು ಕೊಟ್ಟಿತ್ತು, ಮುಂದೆ ಕೊಲ್ಲಾಪುರ ಸಂಸ್ಥಾನದ ಅಧೀನದಲ್ಲಿ ಶಿಂದೆ ಮನೆತನದ ಜಹಗೀರಾಯಿತು. ಇಂದು ಅದು ಒಂದು ಸಾಧಾರಣ ಹಳ್ಳಿ. ಕೋಟೆಯ ಗೋಡೆ, ಭೂತನಾಥನ ಹಳೆಯ ಗುಡಿ, ಪಕ್ಕದಲ್ಲಿ ಹೊಳೆ. ಆರು ಸಾವಿರ ಹಳ್ಳಿಗಳ ನಾಡೆಂದು ಕರೆಯಿಸಿಕೊಂಡ ಜಾಗದಲ್ಲಿ ಕುರಿ ಮೇಯಿಸುವ ಹುಡುಗನೊಬ್ಬ ಗೋಡೆಯ ನೆರಳಿಗೆ ಮಲಗಿರುವುದನ್ನು ನೋಡಿದಾಗ ಅಧಿಕಾರದ ಆಯುಷ್ಯವೆಷ್ಟೆಂಬುದನ್ನು ಬೇರೆ ಯಾರೂ ಬೋಧಿಸಬೇಕಾಗುವುದಿಲ್ಲ.

ನಮ್ಮ ಕಟಕೋಳದ ನೆರೆಯ ಗೊಡಚಿಯೂ ಹೀಗೆಯೇ. ವೀರಭದ್ರೇಶ್ವರನ ಜಾತ್ರೆಗೆ ಲಕ್ಷೋಪಾದಿಯಲ್ಲಿ ಕೂಡುವ ಭಕ್ತರಲ್ಲಿ ಬಹಳ ಮಂದಿಗೆ ಅಲ್ಲಿ ಬಾದಾಮಿ ಚಾಲುಕ್ಯರ ತಾಮ್ರಶಾಸನವೊಂದು ದೊರೆತಿದೆಯೆಂಬ ಸಂಗತಿ ತಿಳಿದಿರಲಾರದು. ಅದು 6ನೆಯ ಶತಮಾನದ್ದು. ಒಂದನೆಯ ಕೀರ್ತಿವರ್ಮನನ್ನು ಅದರಲ್ಲಿ ‘ಕತ್ತಿಯರಸ’ನೆಂದು ಕರೆದಿದೆ. ಬೆಂಡು ಬೆತ್ತಾಸು ಕೊಂಡು ತಿರುಗುವ ನಮ್ಮ ಕಾಲಡಿಯಲ್ಲಿ ಸಾವಿರದ ನಾಲ್ಕುನೂರು ವರ್ಷಗಳಿಗೂ ಮಿಕ್ಕಿದ ಚರಿತ್ರೆ ಇದೆ.

ಇನ್ನು ರಾಮದುರ್ಗ ಪಟ್ಟಣ. ಭಾವೆ ಮನೆತನದವರು ಆಳಿದ ಸಂಸ್ಥಾನದ ರಾಜಧಾನಿಯಾಗಿದ್ದ ಊರಿದು. ಇದರ ದಾಯಾದಿ ಸಂಸ್ಥಾನವಾದ ನರಗುಂದದ ಬಾಬಾಸಾಹೇಬರು 1858ರಲ್ಲಿ ಆಂಗ್ಲರ ವಿರುದ್ಧ ಎದ್ದಾಗ, ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಹತನಾದುದು ರಾಮದುರ್ಗಕ್ಕೆ ಹತ್ತಿರದ ಸುರೇಬಾನದಲ್ಲಿ. ಅದೇ ಸುರೇಬಾನದ ಬಳಿ ಶಬರಿಯ ಹೆಸರಿನ ಕೊಳ್ಳವಿದೆ. ರಾಮನಿಗಾಗಿ ಕಾದ ಮುದುಕಿಯ ಗುಡಿಗೆ ಇಂದಿಗೂ ಜನ ಹೋಗುತ್ತಾರೆ. 1939ರ ಏಪ್ರಿಲಿನಲ್ಲಿ ರಾಮದುರ್ಗದ ಪ್ರಜೆಗಳ ಚಳವಳಿ ಕೈಮೀರಿ ಹಿಂಸೆಗೆ ತಿರುಗಿ ಜೀವಹಾನಿಯಾಯಿತು. ದೇಶವೆಲ್ಲ ಆ ಸಣ್ಣ ಸಂಸ್ಥಾನದ ಕಡೆಗೆ ತಿರುಗಿ ನೋಡಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಷ್ಟೆಲ್ಲ ಕಂಡ ಊರು ಇಂದು ನೇಕಾರಿಕೆಯ ಊರು. ಓಣಿಯಲ್ಲಿ ನಡೆದರೆ ಮಗ್ಗದ ಸಪ್ಪಳ ಕೇಳಿಸುತ್ತದೆ.

ಆದರೆ ಪಟ್ಟಣ ಬೆಳೆದಂತೆ ಹೊಳೆಗೆ ಬೆನ್ನು ಮಾಡಿತು. ಅಂಗಡಿಗಳ ಮುಖ ರಸ್ತೆಯ ಕಡೆಗೆ, ಮನೆಗಳ ಹಿತ್ತಲು ಹೊಳೆಯ ಕಡೆಗೆ. ಹಿತ್ತಲಿಗೆ ಸಲ್ಲುವ ಗೌರವವೇ ಹೊಳೆಗೂ ಸಂದಿತು. ಕಸ ಅಲ್ಲಿ, ಗಟಾರದ ನೀರು ಅಲ್ಲಿ, ಹಳೆಯ ದೇವರ ಪಟಗಳು ಅಲ್ಲಿ, ತೀರಿಕೊಂಡವರ ಹಾಸಿಗೆ ಬಟ್ಟೆಗಳೂ ಅಲ್ಲಿಯೇ. ಇದು ರಾಮದುರ್ಗವೊಂದರ ಮಾತಲ್ಲ. ಮಲಪ್ರಭೆಯ ದಂಡೆಯ ಊರುಗಳಲ್ಲಿ ಬಹುತೇಕ ಎಲ್ಲೆಡೆಯೂ ಇದೇ ಕಥೆ. ನಮ್ಮವರು ರಜೆ ಬಂದರೆ ಕಾಶಿ, ಹರಿದ್ವಾರಗಳಿಗೆ ಹೋಗಿ ಗಂಗೆಯ ದಂಡೆಯಲ್ಲಿ ಸಂಜೆಯ ಆರತಿಯನ್ನು ನೋಡಿ ಕಣ್ತುಂಬಿಕೊಂಡು ಬರುತ್ತಾರೆ. ಬರಲಿ, ಅದು ತಪ್ಪಲ್ಲ. ಆದರೆ ಸಾವಿರ ಮೈಲು ದೂರದ ನದಿಗೆ ಕೈಮುಗಿದು ಬಂದ ಮರುದಿನ ತನ್ನೂರಿನ ಹೊಳೆಗೆ ಪ್ಲಾಸ್ಟಿಕ್ಕಿನ ಗಂಟನ್ನು ಎಸೆಯುವವನ ಭಕ್ತಿಯನ್ನು ಏನೆಂದು ಕರೆಯುವುದು?

ನಾನು ಓದಿದ್ದು ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು. ಆಗ ಒಮ್ಮೆ ನಮ್ಮನ್ನು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಕರೆದುಕೊಂಡು ಹೋಗಿದ್ದರು. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯದ ಕಂಬಗಳನ್ನು ತೋರಿಸಿದ ಮೇಲೆ ಒಬ್ಬ ಗುರುಗಳು ನಮ್ಮನ್ನು ಗುಡಿಯ ಹಿಂದೆ ಬಿಟ್ಟು ಹೊಳೆಯ ಕಡೆಗೆ ನಡೆಸಿಕೊಂಡು ಹೋಗಿ, “ಇಲ್ಲಿ ಮಲಪ್ರಭೆ ಯಾವ ದಿಕ್ಕಿಗೆ ಹರಿಯುತ್ತಾಳೆ, ಹೇಳಿರಿ ನೋಡೋಣ” ಎಂದು ಕೇಳಿದರು. ಭೂಗೋಳದಲ್ಲಿ ಓದಿದಂತೆ ಪೂರ್ವಕ್ಕೆಂದು ಹುಡುಗರು ಒಕ್ಕೊರಲಿನಿಂದ ಕೂಗಿದರು. ಅವರು ಸೂರ್ಯನನ್ನು ತೋರಿಸಿ, ನೀರನ್ನು ತೋರಿಸಿ, ಅರ್ಧ ತಾಸು ಮಾತಾಡದೆ ಕೂಡಿಸಿದರು. ನದಿ ಅಲ್ಲಿ ಬಡಗಣಕ್ಕೆ ತಿರುಗಿ ಹರಿಯುತ್ತದೆ. ಉತ್ತರವಾಹಿನಿಯಾದ ನದಿ ಪವಿತ್ರವೆಂಬ ನಂಬಿಕೆಯಿಂದಲೇ ಚಾಲುಕ್ಯರು ಆ ತಿರುವಿನಲ್ಲಿ ಗುಡಿಗಳನ್ನು ಕಟ್ಟಿದರೆಂದು ಆಮೇಲೆ ವಿವರಿಸಿದರು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳೆಂಬುದು ಪುಸ್ತಕದಲ್ಲಿಯೂ ಸಿಗುತ್ತದೆ. 1987ರಲ್ಲಿ ಪಟ್ಟದಕಲ್ಲು ವಿಶ್ವಪರಂಪರೆಯ ತಾಣವೆಂದು ಘೋಷಿತವಾದ ಮೇಲೆ ಅದನ್ನು ಬರೆದ ಫಲಕಗಳೂ ಹೆಚ್ಚಾಗಿವೆ. ನದಿಯ ದಿಕ್ಕನ್ನು ತಿಳಿಯಲು ಮಾತ್ರ ದಂಡೆಯಲ್ಲಿ ಕುಳಿತುಕೊಳ್ಳಬೇಕು.

ನಿಂತದ್ದು, ನಡೆಯುವುದು ಎಂಬ ಭೇದ ಶರಣರಿಂದ ನಮಗೆ ಬಂದ ದೊಡ್ಡ ತಿಳಿವಳಿಕೆ. ಗುಡಿ, ಕೋಟೆ, ಅರಮನೆಗಳು ನಿಂತಿರತಕ್ಕವು. ನೋಡಲು ಹೋದವರು ಅವುಗಳ ಮುಂದೆಯೇ ನಿಲ್ಲುತ್ತಾರೆ. ನಡೆಯುವ ನೀರನ್ನು ಕಣ್ಣು ಮೇಲೆತ್ತಿ ನೋಡುವವರು ಕಡಿಮೆ. ನದಿ ಇಲ್ಲದಿದ್ದರೆ ಆ ಗುಡಿಯೂ ಅಲ್ಲಿ ಏಳುತ್ತಿರಲಿಲ್ಲ, ಆ ಕೋಟೆಯನ್ನೂ ಅಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಮೊದಲು ಬರೆಯಬೇಕಾದ ಹೆಸರು ನದಿಯದೇ.

ಇಲ್ಲಿಗೆ ಬಂದು ನಾನು ಹೇಳಬೇಕೆಂದಿರುವ ಮುಖ್ಯ ಮಾತನ್ನು ಹೇಳುತ್ತೇನೆ. ದಂಡೆಯ ವಿಹಾರ ತಪ್ಪಿಹೋದದ್ದರಿಂದ ನಮಗಾದ ಹಾನಿ ಮನೋರಂಜನೆಯ ಹಾನಿಯಷ್ಟೇ ಆಗಿ ಉಳಿಯಲಿಲ್ಲ. ವರ್ಷಕ್ಕೆ ನಾಲ್ಕು ಸಲವಾದರೂ ಹೊಳೆಯ ದಂಡೆಯಲ್ಲಿ ಕುಳಿತವನಿಗೆ ಹೊಳೆಯ ಸ್ವಭಾವ ತಿಳಿದಿರುತ್ತದೆ. ಬೇಸಿಗೆಯಲ್ಲಿ ಅದು ಎಷ್ಟು ಕಿರಿದಾಗುತ್ತದೆ, ಆಷಾಢ ಶ್ರಾವಣಗಳಲ್ಲಿ ಯಾವ ಕಲ್ಲು ಮುಳುಗುತ್ತದೆ, ಯಾವ ಗಿಡದ ಬುಡಕ್ಕೆ ನೀರು ಬಂದರೆ ಊರಿಗೆ ಅಪಾಯ, ಇವೆಲ್ಲ ಹಿಂದೆ ಓಣಿಯ ಮಕ್ಕಳಿಗೂ ಗೊತ್ತಿದ್ದವು. ಅಣೆಕಟ್ಟು ಬಂದ ಮೇಲೆ ಕೆಳಗಿನ ಹೊಳೆ ಬಹಳ ತಿಂಗಳು ಬತ್ತಿದಂತೆ ಕಾಣತೊಡಗಿತು. ಮಳೆ ಕಡಿಮೆಯಾದ ವರ್ಷಗಳಲ್ಲಿ ಜಲಾಶಯವೇ ತುಂಬುತ್ತಿರಲಿಲ್ಲ. ಹೊಳೆ ಸತ್ತಿತೆಂದು ಜನ ಭಾವಿಸಿದರು. ಪಾತ್ರದ ಒಳಗೆ ಜಾಲಿಯ ಕಂಟಿ ಬೆಳೆಯಿತು. ದಂಡೆಯ ಹೊಲಗಳು ವರ್ಷಕ್ಕೆ ಒಂದು ಸಾಲಿನಂತೆ ಒಳಗೆ ಸರಿದವು. ಮರಳು ಬೇರೆ ಊರುಗಳ ಕಟ್ಟಡಗಳಿಗೆ ಹೋಯಿತು. ನೀರು ಹರಿಯುವ ಜಾಗದಲ್ಲಿ ಗೋಡೆಗಳು ಎದ್ದವು.

2009ರಲ್ಲಿ ಮಹಾಪೂರ ಬಂದಿತು. ಹತ್ತು ವರ್ಷದ ನಂತರ 2019ರ ಆಗಸ್ಟಿನಲ್ಲಿ ಮತ್ತೆ ಬಂದಿತು. ಜಲಾಶಯ ತುಂಬಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆಯಲೇಬೇಕಾಯಿತು. ಮುನವಳ್ಳಿಯಿಂದ ಹಿಡಿದು ಕೆಳಗಿನ ಊರುಗಳೆಲ್ಲ ನೀರಿಗೆ ಸಿಕ್ಕವು. ರಾಮದುರ್ಗದಲ್ಲಿ ಹೊಳೆಗೆ ಹತ್ತಿದ ಓಣಿಗಳಲ್ಲಿಯ ನೇಕಾರರ ಮನೆಗಳಿಗೆ ನೀರು ಹೊಕ್ಕು, ಮಗ್ಗಗಳು ಕೆಸರಿನಲ್ಲಿ ಹೂತುಹೋದವು. ಹಾಸು ಹೊಕ್ಕಿನ ನೂಲು, ಅರ್ಧ ನೇಯ್ದ ಸೀರೆ, ಮಕ್ಕಳ ಪಾಟಿ ಪುಸ್ತಕ ಎಲ್ಲವೂ ಒಂದೇ ಬಣ್ಣವಾದವು. ಪಟ್ಟದಕಲ್ಲಿನ ಗುಡಿಗಳ ಆವರಣದಲ್ಲಿಯೂ ನೀರು ನಿಂತಿತು. ನೀರು ಇಳಿದಾಗ ಗುಡಿಗಳು ಇದ್ದಂತೆಯೇ ಇದ್ದವು. ಗಟ್ಟಿಯಾದ ಜಗತಿ, ದೊಡ್ಡ ಕಲ್ಲು. ಕಟ್ಟಿದವರಿಗೆ ತಾವು ಹೊಳೆಯ ನೆರೆಯಲ್ಲಿ ಕಟ್ಟುತ್ತಿದ್ದೇವೆಂಬ ಎಚ್ಚರವಿದ್ದಿರಬೇಕು.

ಪೂರ ಇಳಿದ ಮೇಲೆ ನಾವು ಕೆಲವರು ಜೋಳ, ಹಾಸಿಗೆ, ಬಟ್ಟೆಗಳನ್ನು ತೆಗೆದುಕೊಂಡು ದಂಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಶಾಲೆಯ ಕಟ್ಟೆಯ ಮೇಲೆ ಅಂಬಿಗರ ಮನೆತನದ ಮುದುಕರೊಬ್ಬರು ಕುಳಿತಿದ್ದರು. ಸಮಾಧಾನದ ಮಾತು ಹೇಳಲು ಹೋದ ನಮಗೆ ಅವರು ಕೈಮಾಡಿ ದೂರದ ಒಂದು ಬೇವಿನ ಗಿಡವನ್ನು ತೋರಿಸಿ ಹೇಳಿದರು: “ನಮ್ಮ ಮುತ್ಯಾ ಆ ಗಿಡದ ಕೆಳಗ ದನಾನೂ ಕಟ್ಟಗೊಡತಿರಲಿಲ್ಲರಿ. ಈಗ ಅಲ್ಲೇ ಮನಿ ಕಟ್ಟ್ಯಾರ. ಯಾರೂ ನಮ್ಮನ್ನ ಕೇಳಲಿಲ್ಲ, ನಾವೂ ಹೇಳಲಿಲ್ಲ.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಂಬಿಗರ ಚೌಡಯ್ಯನವರು ಹೊಳೆಯಲ್ಲಿಯೇ ಕಾಯಕ ಮಾಡಿದ ಶರಣರು; ಮಡಿವಾಳ ಮಾಚಿದೇವರ ಕಾಯಕವೂ ನೀರಿನ ದಂಡೆಯದೇ. ಅವರನ್ನು ಜಯಂತಿಯ ದಿನ ವೇದಿಕೆಯ ಮೇಲೆ ನೆನೆಯುವ ನಾವು, ಅದೇ ಕಾಯಕದ ತಿಳಿವಳಿಕೆಯನ್ನು ಉಳಿಸಿಕೊಂಡು ಬಂದ ಈ ಮುದುಕರ ಬಳಿಗೆ ಹೋಗಿ ಒಂದು ಮಾತು ಕೇಳಲಿಲ್ಲವೆಂಬುದನ್ನು ಓದುಗರ ಮುಂದೆ ಇಡುತ್ತಿದ್ದೇನೆ. ಕೇಳಲು ಬೇರೆ ಸಭೆ ಬೇಕಾಗಿರಲಿಲ್ಲ. ಸಂಕ್ರಮಣದ ದಿನ ಒಂದೇ ಮರಳಿನ ಮೇಲೆ ಕುಳಿತು ಬುತ್ತಿ ಉಣ್ಣುವ ರೂಢಿ ಉಳಿದಿದ್ದರೆ ಆ ಬೇವಿನ ಗಿಡದ ಮಾತು ತಾನಾಗಿಯೇ ಬರುತ್ತಿತ್ತು.

ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಮೊದಲನೆಯದು, ಹೊಳೆಗೆ ಹೋಗುವ ರೂಢಿಯನ್ನು ಮತ್ತೆ ಹಿಡಿಯಿರಿ. ಸಂಕ್ರಮಣಕ್ಕೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ದೂರದಿಂದ ಒಮ್ಮೆ, ಶೀಗಿಹುಣ್ಣಿಮೆಗೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ದಂಡೆಗೆ ಹೋಗಿರಿ. ಬೆಳಗಿನ ಹೊತ್ತು ಒಳ್ಳೆಯದು. ಅಣೆಕಟ್ಟಿನಿಂದ ನೀರು ಬಿಡುವ ದಿನಗಳಲ್ಲಿ ಪಾತ್ರಕ್ಕೆ ಇಳಿಯಬಾರದು. ಮರಳು ತೆಗೆದ ಗುಂಡಿಗಳಿರುವ ಕಡೆ ಈಜು ಬಲ್ಲವರೂ ಇಳಿಯಬಾರದು. ಒಯ್ದ ಬುತ್ತಿಯ ಎಲೆ ಕಾಗದಗಳನ್ನು ಹಿಂದಕ್ಕೆ ತರಬೇಕು. ಅರ್ಧ ತಾಸು ಯಾವ ಯಂತ್ರವನ್ನೂ ಕೈಯಲ್ಲಿ ಹಿಡಿಯದೆ ನೀರನ್ನು ನೋಡುತ್ತ ಕೂಡುವುದನ್ನು ಮಕ್ಕಳಿಗೆ ಕಲಿಸಿರಿ. ಶಿವಯೋಗಕ್ಕೆ ಅದು ಒಳ್ಳೆಯ ಮೊದಲ ಮೆಟ್ಟಿಲೂ ಹೌದು.

ಎರಡನೆಯದು, ದೇವರ ಹೆಸರಿನಲ್ಲಿ ನದಿಗೆ ಎಸೆಯುವುದನ್ನು ಬಿಡಿರಿ. ಹಳೆಯ ಪಟ, ಒಣಗಿದ ಹೂವು, ತೀರಿಕೊಂಡವರ ಅರಿವೆಗಳಿಂದ ನೀರಿಗೆ ಯಾವ ಪುಣ್ಯವೂ ಬರುವುದಿಲ್ಲ. ಗಂಗಾಂಬಿಕೆಯವರ ಕಡೆಯಿಂದ ಬಂದು ಬಸವಣ್ಣನವರ ಕಡೆಗೆ ಹೋಗುವ ನೀರಿದು ಎಂಬುದನ್ನು ನೆನೆದರೆ ಕೈ ತಾನಾಗಿಯೇ ಹಿಂದೆ ಸರಿದೀತು. ಹೂವನ್ನು ಹಿತ್ತಲಿನ ಗಿಡದ ಬುಡಕ್ಕೆ ಹಾಕಿದರೆ ಅದೂ ಅರ್ಪಿತವೇ.

ಮೂರನೆಯ ಬಿನ್ನಹ ಮಠದ ಹಳೆಯ ವಿದ್ಯಾರ್ಥಿಗಳಿಗೆ. ತಾವು ಎಂಜಿನಿಯರರು, ಶಿಕ್ಷಕರು, ವಕೀಲರು, ವ್ಯಾಪಾರಸ್ಥರಾಗಿ ದೂರದ ಊರುಗಳಲ್ಲಿದ್ದೀರಿ. ಪ್ರತಿವರ್ಷ ಗುರುವಂದನೆಗೆ ಕೂಡಿದಾಗ ಒಂದು ಕೊಠಡಿಗೋ ಒಂದು ಮಹಾದ್ವಾರಕ್ಕೋ ದೇಣಿಗೆ ಕೊಡುತ್ತೀರಿ. ಒಂದು ವರ್ಷ ಇದಕ್ಕಾಗಿ ಕೊಡಿರಿ: ದಂಡೆಯ ಒಂದೊಂದು ಊರಿನಲ್ಲಿ ಆಳೆತ್ತರದ ಒಂದು ಕಲ್ಲನ್ನು ನಿಲ್ಲಿಸಿ, 2009ರಲ್ಲಿ ನೀರು ಇಲ್ಲಿಯವರೆಗೆ, 2019ರಲ್ಲಿ ಇಲ್ಲಿಯವರೆಗೆ ಬಂದಿತ್ತೆಂದು ಗೆರೆ ಕೊರೆಯಿಸೋಣ. ಆ ಗೆರೆಯ ಸ್ಥಾನವನ್ನು ಊರಿನ ಮುದುಕರು, ಅಂಬಿಗರು, ಮಡಿವಾಳರು, ನೇಕಾರರು ಕೂಡಿ ತೋರಿಸಲಿ. ದಾನಶಾಸನ, ವೀರಗಲ್ಲುಗಳನ್ನು ನೆಟ್ಟ ನಾಡು ನಮ್ಮದು. ಮುಂದಿನವರಿಗೆ ತಿಳಿಯಬೇಕಾದುದನ್ನು ಕಲ್ಲಿನಲ್ಲಿ ಬರೆದಿಡುವುದು ನಮಗೆ ಹೊಸದಲ್ಲ. ಮನೆ ಕಟ್ಟಲು ಹೊರಟವನು ಅದನ್ನು ನೋಡಿ ನಾಲ್ಕು ಹೆಜ್ಜೆ ಹಿಂದೆ ಸರಿದು ಬುನಾದಿ ತೆಗೆದರೆ ಆ ಕಲ್ಲಿನ ಖರ್ಚು ಸಾರ್ಥಕವಾಯಿತು. ದಂಡೆಗೆ ವಿಹಾರಕ್ಕೆ ಬಂದ ಮಗು ಅದರ ಪಕ್ಕದಲ್ಲಿ ನಿಂತು ತನ್ನ ಎತ್ತರವನ್ನು ಅಳೆದು ನೋಡಿಕೊಂಡರೆ ಹೊಳೆಯ ಮೊದಲ ಪಾಠವೂ ಆಯಿತು.

ಬರುವ ಸಂಕ್ರಮಣಕ್ಕೆ ಕಟಕೋಳದಿಂದ ನಾವು ಕೆಲವರು ರಾಮದುರ್ಗದ ಹೊಳೆಗೆ ಹೊರಡುವವರಿದ್ದೇವೆ. ಚಕ್ಕಡಿಗಳು ಈಗ ಕಡಿಮೆ, ಟ್ರ್ಯಾಕ್ಟರಿನಲ್ಲಿ ಹೋಗುತ್ತೇವೆ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಇರುತ್ತವೆ. ಆ ಭಾಗದಲ್ಲಿ ಇದ್ದ ಓದುಗರು ತಮ್ಮ ಬುತ್ತಿಯೊಂದಿಗೆ ಬಂದು ಕೂಡಬೇಕೆಂದು ಪ್ರಾರ್ಥನೆ. ಬೇವಿನ ಗಿಡವನ್ನು ತೋರಿಸಿದ ಹಿರಿಯರಂಥವರು ಯಾರಾದರೂ ತಮ್ಮ ಊರಲ್ಲಿದ್ದರೆ ಅವರನ್ನೂ ಕೈಹಿಡಿದು ಕರೆತನ್ನಿರಿ. ನೀರು ಎಷ್ಟಿದೆಯೋ ಅಷ್ಟರಲ್ಲಿ ಮಿಂದು, ಅವರು ಹೇಳುವುದನ್ನು ಬರೆದುಕೊಳ್ಳೋಣ.